ಬೆರಳಿಟ್ಟು ನೋಡಿ, ಮೇಡಂ!

"ಯಾರ್ರೀ ಇಲ್ಲಿ ಹಳದಿ ಬಳಿದಿದ್ದು?"

ಬಾಯ್ಲರ್ ಡ್ರಮ್ಮಿನ ಆ ಬದಿಯಿಂದ ಬಂದ ಕೂಗಿಗೆ ಗ್ರೈಂಡರ್ ನಿಂತಿತು, ಸುತ್ತಿಗೆ ನಿಂತಿತು, ಟೀ ಲೋಟಗಳು ಬಾಯಿಯ ಹತ್ತಿರವೇ ನಿಂತವು.

ಅವಳ ಕೈ ಮಾತ್ರ ನಿಲ್ಲಲಿಲ್ಲ. ಮಂಡಿಯೂರಿ ಕುಳಿತಿದ್ದ ಅವಳು ಡ್ರಮ್ಮಿನ ಬೆಸುಗೆಯ ಮೇಲೆ ಹಳದಿ ಸೀಮೆಸುಣ್ಣದಿಂದ ಒಂದು ಸುತ್ತು ಹಾಕಿ, ಪಕ್ಕದಲ್ಲಿ ‘ರಿಪೇರಿ’ ಎಂದು ದುಂಡಗೆ ಬರೆದು, ಕೆಳಗೆ ತಾರೀಖು ಹಾಕಿ, ಆಮೇಲೆ ನಿಧಾನವಾಗಿ ತಲೆ ಎತ್ತಿದಳು.

"ನಾನು. ಯಾಕೆ, ಬಣ್ಣ ಹಿಡಿಸ್ಲಿಲ್ವಾ?"

ಎದುರಿಗೆ ನಿಂತಿದ್ದ ವೆಲ್ಡರ್ ಮುಖದ ಕವಚವನ್ನು ಹಣೆಯ ಮೇಲಕ್ಕೆ ತಳ್ಳಿದ. ಬೆವರಿದ ಮುಖ, ಮಸಿ ಹತ್ತಿದ ಮೂಗು, ಕೋಪದಿಂದ ಇನ್ನಷ್ಟು ಅಗಲವಾದ ಎರಡು ಕಣ್ಣು.

‘ಅಯ್ಯೋ... ಇಷ್ಟು ಚೆಂದದ ಕಣ್ಣಿರೋರಿಗೆ ವೆಲ್ಡಿಂಗ್ ಕೆಲಸ ಯಾರು ಕೊಟ್ರು? ದಿನವಿಡೀ ಮುಚ್ಕೊಂಡೇ ಇರ್ಬೇಕಲ್ಲ!’

ಅವಳ ಮನಸ್ಸು ಹೀಗೆ ಹೊತ್ತು ಗೊತ್ತಿಲ್ಲದೆ ಮಾತಾಡುವುದು ಹೊಸದೇನಲ್ಲ. ಅವಳು ಅದನ್ನು ಗದರಿಸಿ ಕೂರಿಸಿದಳು.

"ಮೇಡಂ, ಹನ್ನೊಂದು ವರ್ಷದಿಂದ ಬೆಸುಗೆ ಹಾಕ್ತಿದೀನಿ. ನೀವು ಈ ಶೆಡ್ಡಿಗೆ ಬಂದು ಒಂದು ವಾರ ಆಗಿಲ್ಲ. ಕಣ್ಣು ಬಿಟ್ಟು ನೋಡಿ, ಎಲ್ಲಾದ್ರೂ ಕೂದಲೆಳೆಯಷ್ಟು ಗೀರಿದೆಯಾ?"

"ಮೇಲೆ ನೋಡೋಕೆ ನಾನ್ಯಾಕೆ ಬೇಕು, ಕನ್ನಡಕ ಸಾಕು. ಒಳಗೆ ಹದಿನೆಂಟು ಮಿಲಿಮೀಟರ್ ಆಳದಲ್ಲಿ ಸ್ಲ್ಯಾಗ್ ಸಿಕ್ಕಿಹಾಕ್ಕೊಂಡಿದೆ. ಬೆಸುಗೆ ಹಾಕುವಾಗ ಬರೋ ಕೊಳೆ, ಸರಿಯಾಗಿ ಕೆರೆದು ತೆಗೆದಿಲ್ಲ ನೀವು."

"ಒಳಗಿರೋದು ನಿಮಗೆ ಹೇಗೆ ಗೊತ್ತಾಯ್ತು? ಕನಸು ಬಿತ್ತಾ?"

ಕನಸಲ್ಲ, ಅವಳ ಕೆಲಸವೇ ಅದು. ಕಬ್ಬಿಣವನ್ನು ಕೊಯ್ಯದೆ, ಒಡೆಯದೆ, ಅದರ ಹೊಟ್ಟೆಯೊಳಗಿನ ದೋಷ ಹೇಳುವ ಇನ್ಸ್‌ಪೆಕ್ಟರ್ ಅವಳು. ಕೈಯಲ್ಲಿ ಹಿಡಿಯುವ ಪುಟ್ಟ ಪ್ರೋಬ್ ಕಬ್ಬಿಣದೊಳಕ್ಕೆ ಕಿವಿಗೆ ಕೇಳಿಸದ ಶಬ್ದವನ್ನು ಕಳಿಸುತ್ತದೆ. ದಾರಿಯಲ್ಲಿ ಏನಾದರೂ ಅಡ್ಡ ಸಿಕ್ಕರೆ ಆ ಶಬ್ದ ಬೇಗನೆ ವಾಪಸ್ ಬರುತ್ತದೆ, ಮೆಷಿನ್ನಿನ ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಗೆರೆ ಎದ್ದಲ್ಲಿ ಅವಳು ಹಳದಿ ಸುತ್ತು ಹಾಕುತ್ತಾಳೆ.

"ಕೆರೆದು ನೋಡಿ. ಸಿಗದಿದ್ರೆ ನನ್ನನ್ನ ಕೇಳಿ," ಎಂದಳು.

ವೆಲ್ಡರ್ ಹಲ್ಲು ಕಚ್ಚಿಕೊಂಡು ಗ್ರೈಂಡರ್ ಹಿಡಿದ. ಐದು ಮಿಲಿಮೀಟರ್... ಹತ್ತು... ಹದಿನೈದು... ಏನೂ ಇಲ್ಲ! ಸುತ್ತ ನೆರೆದವರು ಆಗಲೇ ಮುಸಿಮುಸಿ ನಗತೊಡಗಿದ್ದರು. ಇನ್ನೂ ಸ್ವಲ್ಪ ಕೆರೆದ. ಹೊಳೆಯುವ ಕಬ್ಬಿಣದ ನಡುವೆ ಎಳ್ಳು ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು.

ಅವನು ಜೇಬಿನಿಂದ ಅಳತೆಪಟ್ಟಿ ತೆಗೆದು ಆಳ ನೋಡಿದ. ಇನ್ನೊಮ್ಮೆ ನೋಡಿದ. ಅಳತೆಪಟ್ಟಿಯನ್ನೇ ತಿರುಗಿಸಿ ಮುರುಗಿಸಿ ನೋಡಿದ.

"ಎಷ್ಟಿದೆ?" ಅವಳು ಏನೂ ಅರಿಯದವಳಂತೆ ಕೇಳಿದಳು.

"ಹದಿನೆಂಟು..." ಎಂದವನು ದಪ್ಪ ಕೈಗವಸು ತೊಟ್ಟ ಎರಡೂ ಕೈ ಜೋಡಿಸಿದ. "ದೊಡ್ಡ ನಮಸ್ಕಾರ, ಮೇಡಂ!"

ಇಡೀ ಶೆಡ್ಡು ಗೊಳ್ಳೆಂದು ನಕ್ಕಿತು. ಅವಳಿಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವಳ ಹೆಸರು ‘ಹಳದಿ ಮೇಡಂ’ ಎಂದಾಯಿತು.

ಆದರೆ ಗೋಡೆಯ ಮೇಲೊಂದು ಬೋರ್ಡ್ ಇತ್ತು. ಒಂದೇ ಡ್ರಮ್ಮಿನಲ್ಲಿ ಮೂರು ರಿಪೇರಿ ಬಂದ ವೆಲ್ಡರ್‌ನ ಪರವಾನಗಿ ಕಾರ್ಡ್ ವಾಪಸ್, ಆಮೇಲೆ ಅವನು ಬಾಯ್ಲರ್ ಕೆಲಸ ಮುಟ್ಟುವಂತಿಲ್ಲ. ಇದು ಅವನ ಮೊದಲನೆಯದು.

*

ಮನೆಯಲ್ಲಿ ಅವಳ ಅಜ್ಜಿಯದು ಬೇರೆಯೇ ಗೋಳು.

"ಮೂರು ಗಂಡು ಬಂದು ಹೋದ್ವು. ಒಬ್ಬನ ನಗು ಟೊಳ್ಳು ಅಂದೆ. ಇನ್ನೊಬ್ಬ ಮಾತಿಗೆ ತಡವಾಗಿ ಉತ್ತರ ಕೊಡ್ತಾನೆ ಅಂದೆ. ಮೂರನೆಯವನು ಟೀ ಕುಡಿದ ಕಪ್ಪನ್ನ ತಟ್ಟಿ ನೋಡಿ, ಬಿರುಕು ಬಿಟ್ಟಿದೆ ಅಂದೆ. ಅವನು ತನಗೇ ಅಂದಿದ್ದು ಅಂದ್ಕೊಂಡು ಎದ್ದು ಹೋದ!"

"ಕಪ್ಪು ನಿಜವಾಗ್ಲೂ ಬಿರುಕು ಬಿಟ್ಟಿತ್ತು ಅಜ್ಜಿ."

"ಬಿಟ್ಟಿತ್ತು. ನನಗೂ ಗೊತ್ತಿತ್ತು. ಅದಕ್ಕೆ ಅವನಿಗೆ ಕೊಟ್ಟಿದ್ದು," ಎಂದಳು ಅಜ್ಜಿ.

ಪಾತ್ರೆ ಅಂಗಡಿಯಲ್ಲಿ ಪ್ರತಿಯೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಅಂಗಡಿಯವನ ಜೀವ ಹಿಂಡಿದ ಮೇಲೆ ಒಂದನ್ನು ಕೊಳ್ಳುವ ಅಜ್ಜಿ ಅದು. ಮೊಮ್ಮಗಳಿಗೆ ಈ ಚಾಳಿ ಬಂದಿದ್ದು ಎಲ್ಲಿಂದ ಎಂದು ಬೇರೆ ಹೇಳಬೇಕಾಗಿಲ್ಲ.

"ಈಗ ಆ ಹದಿನೆಂಟು ಮಿಲಿಮೀಟರ್ ಹುಡುಗ ಹೇಗಿದ್ದಾನೆ?" ಅಜ್ಜಿ ಮೆಲ್ಲಗೆ ಕೇಳಿದಳು.

"ಯಾವ ಹುಡುಗ? ಅಜ್ಜಿ, ನಾನು ಬೆಸುಗೆ ವಿಷಯ ಹೇಳಿದ್ದು!"

"ದಿನಾ ಊಟಕ್ಕೆ ಕೂತಾಗ ಬೆಸುಗೆ ವಿಷಯಾನೇ ಹೇಳ್ತೀಯ. ನಾನೇನು ಬೇಡ ಅಂದ್ನಾ?"

ಅವಳ ಕಿವಿ ಕೆಂಪಾಯಿತು.

ಹೇಳದೆ ಇನ್ನೇನು ಮಾಡಿಯಾಳು? ಪ್ರೋಬ್ ಮತ್ತು ಕಬ್ಬಿಣದ ನಡುವೆ ಗಾಳಿ ಇರಬಾರದೆಂದು ಅವಳು ಜೆಲ್ ಹಚ್ಚುತ್ತಿದ್ದಳು. ಅದನ್ನು ಹಳೆಯ ಸಾಸ್ ಬಾಟಲಿಯಲ್ಲಿ ತುಂಬಿಡುವುದು ಅವಳ ರೂಢಿ. ಚಳಿಗಾಲದ ಬೆಳಗ್ಗೆ ಆ ಜೆಲ್ ಗಟ್ಟಿಯಾಗಿ, ಬಾಟಲಿ ಹಿಂಡಿ ಹಿಂಡಿ ಅವಳ ಕೈ ಮರಗಟ್ಟುತ್ತಿತ್ತು. ಒಂದು ದಿನ ಬಂದು ನೋಡಿದರೆ ಬಾಟಲಿ ಬೆಚ್ಚಗಿತ್ತು! ವೆಲ್ಡಿಂಗ್ ರಾಡುಗಳನ್ನು ಒಣಗಿಸುವ ಓವನ್ನಿನ ಮೇಲೆ ಯಾರೋ ಹತ್ತು ನಿಮಿಷ ಇಟ್ಟು ತಂದಿದ್ದರು.

ಯಾರೋ ಏನು ಬಂತು... ಮೂಗಿಗೆ ಮಸಿ ಹತ್ತಿದವನೇ.

"ಜೆಲ್ ತಣ್ಣಗಿದ್ರೆ ನಿಮಗೆ ಸಿಟ್ಟು ಬರುತ್ತೆ. ನಿಮಗೆ ಸಿಟ್ಟು ಬಂದ್ರೆ ನಮಗೆ ಹಳದಿ ಬೀಳುತ್ತೆ. ನಮ್ಮ ಸ್ವಾರ್ಥ, ಮೇಡಂ," ಎಂದು ಅವನು ಬೇರೆ ಕಡೆ ನೋಡಿಕೊಂಡು ಹೇಳಿದ.

ಅಂದಿನಿಂದ ದಿನವೂ ಬಾಟಲಿ ಬೆಚ್ಚಗಿರುತ್ತಿತ್ತು. ಒಮ್ಮೆ ಶೆಡ್ಡಿನಲ್ಲಿ ಗ್ರೈಂಡರ್ ಓಡಿಸುವ, ಎಲ್ಲರ ‘ಗ್ರೈಂಡರ್ ಅಣ್ಣ’ ಅದನ್ನು ನಿಜವಾದ ಸಾಸ್ ಎಂದುಕೊಂಡು ಬ್ರೆಡ್ಡಿಗೆ ಹಚ್ಚಿ ಅರ್ಧ ತಿಂದೂಬಿಟ್ಟಿದ್ದ. ತಿಂದು, "ಉಪ್ಪು ಕಮ್ಮಿ," ಎಂದಿದ್ದ.

ಎರಡನೆಯ ರಿಪೇರಿಯನ್ನಂತೂ ವೆಲ್ಡರ್ ತಾನೇ ಕರೆದು ತೋರಿಸಿದ.

"ಮೇಡಂ, ಇಲ್ಲಿ ಮೆಷಿನ್ ಹಿಡೀರಿ. ನನ್ನ ಕೈ ಒಂಚೂರು ನಡುಗಿತು."

ಹಿಡಿದಳು. ಸಾಸಿವೆಯಷ್ಟು ಗಾಳಿಗುಳ್ಳೆ! ಅವಳಿಗೆ ಆಶ್ಚರ್ಯ. ತನ್ನ ತಪ್ಪನ್ನು ತಾನೇ ಕೈಹಿಡಿದು ತೋರಿಸುವ ವೆಲ್ಡರ್‌ನನ್ನು ಅವಳು ಇದುವರೆಗೆ ಕಂಡಿರಲಿಲ್ಲ.

"ಹನ್ನೊಂದು ವರ್ಷದ ಕೈ... ಯಾಕೆ ನಡುಗಿತು?"

"ನೀವು ಆ ಕಡೆಯಿಂದ ಹೋದ್ರಿ," ಎಂದವನು ಥಟ್ಟನೆ ಕವಚ ಎಳೆದುಕೊಂಡು ಮುಖ ಮುಚ್ಚಿಬಿಟ್ಟ.

ಅವಳು ಆ ದಿನ ರಿಪೋರ್ಟಿನಲ್ಲಿ ತಾರೀಖನ್ನೇ ತಪ್ಪಾಗಿ ಬರೆದಳು.

*

ಶೆಡ್ಡಿನಲ್ಲಿ ಇಂಥ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಡ. ಡ್ರಮ್ಮಿನ ಕೊನೆಯ ಬೆಸುಗೆಯ ಪರೀಕ್ಷೆಯ ದಿನ ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು.

"ಇವತ್ತು ಪಾಸ್ ಬಿಡ್ರೋ! ಜೆಲ್ ಬಿಸಿ ಮಾಡಿ ಕೊಟ್ಟಿರೋದು ಸುಮ್ನೇನಾ?" ಗ್ರೈಂಡರ್ ಅಣ್ಣ ಕಣ್ಣು ಮಿಟುಕಿಸಿದ.

ಆ ಮಾತು ಅವಳಿಗೆ ಚುಚ್ಚಿತು. ಹಾಗಾದರೆ ನಾನು ಪ್ರೀತಿಗೆ ಪಾಸ್ ಮಾಡುವವಳಾ? ನನ್ನ ಸಹಿಗೆ ಇಷ್ಟೇ ಬೆಲೆಯಾ?

ಬಾಟಲಿ ಅಂದು ಬೆಚ್ಚಗಲ್ಲ, ಬಿಸಿಯಾಗಿಯೇ ಇತ್ತು. ಜೆಲ್ ನೀರಾಗಿ ಹರಿದು ಬೆಸುಗೆಯ ಉಬ್ಬಿನ ಮೇಲೆ ಹನಿಯಾಗಿ ನಿಂತಿತು. ಅವಳು ಅದನ್ನು ಗಮನಿಸಲಿಲ್ಲ. ಪ್ರೋಬ್ ಸರಿದಾಡಿತು... ಪರದೆಯಲ್ಲಿ ಗೆರೆ ಎದ್ದಿತು!

ಇನ್ನೊಮ್ಮೆ ನೋಡಲೇ? ನೋಡಿದರೆ, ‘ನೋಡ್ರೋ, ಬಿಟ್ಟುಬಿಡೋಕೆ ದಾರಿ ಹುಡುಕ್ತಿದಾರೆ’ ಅನ್ನುತ್ತಾರೆ. ಬೇಡ!

ಸರಕ್ಕನೆ ಹಳದಿ ಸುತ್ತು ಬಿತ್ತು. ಮೂರನೆಯದು.

ಯಾರೂ ನಗಲಿಲ್ಲ. ವೆಲ್ಡರ್ ಗ್ರೈಂಡರ್ ಹಿಡಿದು, ಪದರ ಪದರವಾಗಿ ಕೆರೆದು, ತಳದವರೆಗೂ ಹೋದ. ಆಮೇಲೆ ಎದ್ದು ಬಂದ.

"ಏನೂ ಸಿಗ್ಲಿಲ್ಲ ಮೇಡಂ."

"ಚಿಕ್ಕದಿತ್ತು. ಕೆರೆಯುವಾಗಲೇ ಹೋಗಿರುತ್ತೆ. ನಿಮಗೆ ಗೊತ್ತಾಗಿಲ್ಲ ಅಷ್ಟೆ."

"ಎರಡನೇದನ್ನ ನಾನೇ ತೋರಿಸಿದ್ದೆ ಅಲ್ವಾ? ಇದ್ದಿದ್ರೆ ಇದನ್ನೂ ತೋರಿಸ್ತಿದ್ದೆ."

"ಮೆಷಿನ್ ಸುಳ್ಳು ಹೇಳಲ್ಲ!"

ಅವನು ಅವಳನ್ನೇ ಒಂದು ಕ್ಷಣ ನೋಡಿದ. ಆ ಕಣ್ಣಲ್ಲಿ ಕೋಪ ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಹಾಗಾದ್ರೆ ನಾನು ಹೇಳ್ತೀನಿ ಅಂತಾಯ್ತು. ಆಗ್ಲಿ ಮೇಡಂ," ಎಂದು ಜೇಬಿನಿಂದ ಕಾರ್ಡ್ ತೆಗೆದು ಡ್ರಮ್ಮಿನ ಮೇಲಿಟ್ಟು ಹೊರಟುಹೋದ.

*

ಅವನನ್ನು ಕ್ಯಾಂಟೀನಿನ ಮುರಿದ ಬೆಂಚುಗಳನ್ನು ಬೆಸೆಯಲು ಹಾಕಿದರು. ಬಾಯ್ಲರ್ ಬೆಸೆಯುತ್ತಿದ್ದ ಕೈಗೆ ಬೆಂಚಿನ ಕಾಲು! ಆ ಪುಟ್ಟ ಬೆಸುಗೆಯನ್ನೂ ಅವನು ಬಾಯ್ಲರಿನಷ್ಟೇ ಶ್ರದ್ಧೆಯಿಂದ ಹಾಕಿದ. ಆ ಬೆಂಚಿನ ಮೇಲೆ ಕೂರಲು ಜನ ಸಂಕೋಚಪಡತೊಡಗಿದರು.

ಇತ್ತ ಜೆಲ್ ಬಾಟಲಿ ಮತ್ತೆ ತಣ್ಣಗಾಯಿತು. ಪ್ರತಿ ಬೆಳಗ್ಗೆ ಅದನ್ನು ಹಿಂಡುವಾಗ ಅವಳಿಗೆ ಅಳು ಬರುತ್ತಿತ್ತು. ಚಳಿಗೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಕ್ಯಾಂಟೀನ್ ಖಾಲಿಯಿದ್ದಾಗ ಕಳ್ಳಿಯಂತೆ ಒಳಹೊಕ್ಕು, ಅವನ ಬೆಂಚಿಗೆ ಕೆಂಪು ಡೈ ಹೊಡೆದಳು. ಸಣ್ಣ ಬಿರುಕಿದ್ದರೂ ಈ ಡೈ ಅದರೊಳಗೆ ಇಳಿಯುತ್ತದೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಒಳಗಿನ ಕೆಂಪು ಹೊರಬಂದು ಬಿರುಕನ್ನು ಬರೆದು ತೋರಿಸುತ್ತದೆ. ಡೈ ಇಳಿಯಲು ಹತ್ತು ನಿಮಿಷ ಬೇಕು. ಅವಳು ಒರೆಸುವ ಬಟ್ಟೆ ತರಲು ಹೋದಳು.

ಬಂದು ನೋಡಿದರೆ ಸ್ಟೋರ್ ಕೀಪರ್ ಬಿಳಿ ಪ್ಯಾಂಟ್ ತೊಟ್ಟು ಅದರ ಮೇಲೆ ಕೂತು ಹಾಯಾಗಿ ಟೀ ಕುಡಿಯುತ್ತಿದ್ದ!

"ಏಳಬೇಡಿ!" ಅವಳು ಕಿರುಚಿದಳು.

ಅವನು ಗಾಬರಿಯಿಂದ ಎದ್ದುಬಿಟ್ಟ. ಹಿಂದೆ ತಿರುಗಿ ನೋಡಿಕೊಂಡವನು, "ಅಯ್ಯೋ, ರಕ್ತ! ಡಾಕ್ಟ್ರನ್ನ ಕರೀರಿ!" ಎಂದು ಅಂಗಳದ ತುಂಬ ಓಡಾಡಿದ. ಅವನಿಗೆ ಏನೂ ಆಗಿಲ್ಲವೆಂದು ನಂಬಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು.

ಬೆಂಚಿನಲ್ಲಿ ಉಳಿದ ಡೈ ಒರೆಸಿ ಬಿಳಿ ಪುಡಿ ಹೊಡೆದು ಕಾದಳು. ಐದು ನಿಮಿಷ... ಹತ್ತು... ಬಿಳಿ ಬಿಳಿಯಾಗಿಯೇ ಉಳಿಯಿತು. ಒಂದು ಬೆಸುಗೆಯಲ್ಲೂ ಒಂದು ಕೆಂಪು ಚುಕ್ಕೆಯಿಲ್ಲ.

ಯಾರೂ ಪರೀಕ್ಷಿಸದ ಬೆಂಚಿಗೆ ಹೀಗೆ ಬೆಸುಗೆ ಹಾಕುವವನು ನನಗೆ ಸುಳ್ಳು ಹೇಳಿದನಾ?

ಅಂದು ಊಟಕ್ಕೆ ಕೂತಾಗ ಅವಳು ಬೆಸುಗೆಯ ವಿಷಯ ಎತ್ತಲಿಲ್ಲ. ಅಜ್ಜಿ ಅವಳ ಕೆಂಪಾದ ಬೆರಳುಗಳನ್ನು ನೋಡಿದಳು, ತಟ್ಟೆಯಲ್ಲಿ ಹಾಗೇ ಉಳಿದ ಅನ್ನವನ್ನು ನೋಡಿದಳು.

"ಒಳಗೇನೋ ಒಡೆದಿದೆ," ಎಂದಳು ಅಜ್ಜಿ. "ಯಾರದು ತಪ್ಪು?"

"ಅವರದ್ದು ಅಂದ್ಕೊಂಡಿದ್ದೆ ಅಜ್ಜಿ..."

"ಈಗ?"

"ಈಗ ಭಯ ಆಗ್ತಿದೆ."

"ಭಯ ಆದ್ರೆ ನಿಂದೇ ಇರ್ಬೇಕು. ಬೆಳಗ್ಗೆ ಹೋಗಿ ಸರಿಯಾಗಿ ನೋಡು. ಈಗ ಮೊಸರಾದ್ರೂ ಹಾಕ್ಕೊಂಡು ತಿನ್ನು."

*

ಆ ಪರೀಕ್ಷೆಯ ದಿನ ಬಾಟಲಿ ಎಂದಿಗಿಂತ ಬಿಸಿಯಿದ್ದದ್ದು ರಾತ್ರಿ ಅವಳಿಗೆ ನೆನಪಾಗಿತ್ತು. ಬೆಳಗ್ಗೆ ಅವಳು ಬಾಟಲಿಯನ್ನು ತಾನೇ ಓವನ್ನಿನ ಮೇಲಿಟ್ಟಳು. ಅಂದಿನಷ್ಟೇ ಬಿಸಿಯಾಗಲೆಂದು ಅರ್ಧ ಗಂಟೆ ಕಾದಳು. ಪರೀಕ್ಷಾ ಕೋಣೆಯಲ್ಲಿ ಯಾವ ದೋಷವೂ ಇಲ್ಲವೆಂದು ಗೊತ್ತಿದ್ದ ಒಂದು ಬೆಸುಗೆ ತುಂಡು ಇತ್ತು. ಅದರ ಮೇಲೆ ಜೆಲ್ ಸುರಿದಳು. ಜೆಲ್ ಹರಿದು ಬೆಸುಗೆಯ ಉಬ್ಬಿನ ಮೇಲೆ ಹನಿಯಾಗಿ ನಿಂತಿತು.

ಪ್ರೋಬ್ ಇಟ್ಟಳು. ಗೆರೆ ಎದ್ದಿತು!

ದೋಷವೇ ಇಲ್ಲದ ತುಂಡಿನಲ್ಲಿ, ಅಂದಿನಂತೆಯೇ, ಚೂಪಾಗಿ.

ಬೆರಳನ್ನು ಆ ಜೆಲ್ಲಿನ ಹನಿಯ ಮೇಲೆ ಒತ್ತಿದಳು. ಗೆರೆ ಪೂರ್ತಿ ಮಲಗಿತು. ಬೆರಳು ತೆಗೆದಳು, ಎದ್ದಿತು. ಇಟ್ಟಳು, ಮಲಗಿತು.

ಅದು ಅವಳಿಗೆ ಕೆಲಸ ಕಲಿಸಿದ ಮೇಷ್ಟ್ರ ಮೊಟ್ಟಮೊದಲ ಪಾಠ. "ಗೆರೆ ಎದ್ದ ತಕ್ಷಣ ನಂಬಬೇಡ. ಬೆರಳಿಟ್ಟು ನೋಡು. ಮೇಲಿನ ಹನಿಯಿಂದ ಬಂದ ಸುಳ್ಳು ಗೆರೆ ಬೆರಳು ಮುಟ್ಟಿದರೆ ಬಿದ್ದುಹೋಗುತ್ತೆ. ಒಳಗಿನದು ಹೋಗಲ್ಲ." ಸಾವಿರ ಸಲ ಬೆರಳಿಟ್ಟವಳು ಆ ಒಂದು ದಿನ, ನಾಲ್ಕು ಜನರ ನಗುವಿಗೆ ಅಂಜಿ, ಇಡಲಿಲ್ಲ.

ಮೆಷಿನ್ ಸುಳ್ಳು ಹೇಳಿರಲಿಲ್ಲ. ಅವಳೇ ಆತುರಪಟ್ಟಿದ್ದಳು.

ಪರೀಕ್ಷೆ ವಿಭಾಗದ ಹಿರಿಯರಾದ ಅದೇ ಮೇಷ್ಟ್ರ ಮೇಜಿನ ಮೇಲೆ ಒಂದು ಪತ್ರ ಸಹಿಗೆ ಕಾದಿತ್ತು. ಮುಂದಿನ ಹಂತದ ಪರೀಕ್ಷೆಗೆ ಅವಳನ್ನು ಕಳಿಸುವ ಶಿಫಾರಸು. ಅದಕ್ಕಾಗಿ ಅವಳು ಎರಡು ವರ್ಷ ಕಾದಿದ್ದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆರೆದ ಜಾಗವನ್ನು ಬೇರೊಬ್ಬ ವೆಲ್ಡರ್ ತುಂಬಿಯಾಗಿತ್ತು, ನಾಳೆ ಡ್ರಮ್ ಲಾರಿ ಹತ್ತುತ್ತದೆ.

ಬಾಗಿಲಲ್ಲಿ ಅವಳು ಎರಡು ಸಲ ಹಿಂದಕ್ಕೆ ತಿರುಗಿದಳು. ಮೂರನೆಯ ಸಲ ಒಳಗೆ ಹೋದಳು.

"ಮೇಷ್ಟ್ರೇ, ಮೂರನೇ ರಿಪೇರಿ ನನ್ನ ತಪ್ಪು. ನಾನು ಬೆರಳಿಡಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರ ಕನ್ನಡಕ ಶುಭ್ರವಾಗಿಯೇ ಇತ್ತು.

"ಈ ಪತ್ರ ಆರು ತಿಂಗಳು ಡ್ರಾಯರಲ್ಲಿ ಇರುತ್ತಮ್ಮ."

"ಗೊತ್ತು ಮೇಷ್ಟ್ರೇ."

"ಗೊತ್ತಿದ್ದೂ ಹೇಳ್ತಿದೀಯ?"

"ಅವರ ಕಾರ್ಡ್ ವಾಪಸ್ ಕೊಡಿ ಮೇಷ್ಟ್ರೇ... ಅಷ್ಟು ಸಾಕು," ಎಂದಳು.

ಮೇಷ್ಟ್ರು ಪತ್ರವನ್ನು ಡ್ರಾಯರಿಗೆ ಹಾಕಿ, ಅಲ್ಲಿಂದಲೇ ಕಾರ್ಡನ್ನು ತೆಗೆದು ಅವಳ ಕೈಗಿಟ್ಟರು. "ತಪ್ಪು ಮಾಡಿದವರೇ ಹೋಗಿ ಕೊಡ್ಬೇಕು. ಮತ್ತೆ ಆ ಸ್ಟೋರ್ ಕೀಪರ್‌ಗೆ ಒಂದು ಪ್ಯಾಂಟ್ ಕೊಡಿಸು."

ಅವಳು ಶೆಡ್ಡಿಗೆ ಹೋಗಿ, ಡ್ರಮ್ಮಿನ ಪಕ್ಕ ನಿಂತು, ತಿದ್ದಿದ ರಿಪೋರ್ಟನ್ನು ಎಲ್ಲರಿಗೂ ಕೇಳುವಂತೆ ಓದಿದಳು. "ಬೆಸುಗೆಯಲ್ಲಿ ದೋಷ ಇರಲಿಲ್ಲ. ದೋಷ ಪರೀಕ್ಷೆ ಮಾಡಿದವರದು." ಗ್ರೈಂಡರ್ ಅಣ್ಣ ನೆಲ ನೋಡಿದ.

"ಮೇಡಂ, ಅವತ್ತು ನಾನು ಬಾಯಿ ಬಿಡಬಾರದಿತ್ತು," ಎಂದ.

"ನಾನು ಕಿವಿಗೆ ಹಾಕ್ಕೋಬಾರದಿತ್ತು, ಅಣ್ಣ."

*

ಕ್ಯಾಂಟೀನಿನಲ್ಲಿ ವೆಲ್ಡರ್ ಕೊನೆಯ ಬೆಂಚನ್ನು ತಲೆಕೆಳಗು ಮಾಡಿ ಕೂತಿದ್ದ. ಅವಳು ಬಂದದ್ದು ಗೊತ್ತಾದರೂ ಕವಚ ಎತ್ತಲಿಲ್ಲ.

"ಬೆಂಚಿಗೂ ಹಳದಿನಾ, ಮೇಡಂ?"

ಅವಳು ಕಾರ್ಡನ್ನು ಮುಂದೆ ಹಿಡಿದಳು. ಕಣ್ಣಿಂದ ನೀರು ಇಳಿಯತೊಡಗಿತ್ತು.

"ನೀವು ಹೇಳಿದ್ದೇ ನಿಜ. ನಿಮ್ಮ ಮಾತಿಗಿಂತ ಮೆಷಿನ್ನನ್ನ ನಂಬಿದೆ. ಅದನ್ನೂ ಸರಿಯಾಗಿ ನಂಬಲಿಲ್ಲ. ಜೆಲ್ ಹನಿ ನಿಂತಿತ್ತು... ಬೆರಳಿಟ್ಟಿದ್ರೆ ಸುಳ್ಳು ಗೆರೆ ಬಿದ್ದುಹೋಗ್ತಿತ್ತು, ಇಟ್ಟು ನೋಡಲಿಲ್ಲ... ಎಲ್ಲರ ಮುಂದೆ ನಿಮ್ಮನ್ನ..."

ಕವಚ ಮೇಲೆ ಹೋಯಿತು. ಆ ಕಣ್ಣುಗಳು!

"ಜೆಲ್ ಹನಿನಾ?" ಅವನು ಪೆಚ್ಚಾದ. "ಅಯ್ಯೋ ದೇವ್ರೇ... ಹಾಗಾದ್ರೆ ಅರ್ಧ ತಪ್ಪು ನಂದು!"

"ನಿಮ್ಮದು ಹೇಗೆ?"

"ಅವತ್ತು ಕೊನೇ ಬೆಸುಗೆ. ಆಮೇಲೆ ನೀವು ಬೇರೆ ಶೆಡ್ಡಿಗೆ ಹೋಗ್ತೀರಿ ಅಂದ್ರು. ಬಾಟಲಿ ಓವನ್ ಮೇಲಿಟ್ಟು, ನಿಮಗೆ ಹೇಗೆ ಹೇಳೋದು ಅಂತ ಬಾಯಿಪಾಠ ಮಾಡ್ತಾ ಕೂತೆ. ಹತ್ತು ನಿಮಿಷ ಇಡೋದು ಅರ್ಧ ಗಂಟೆ ಆಗೋಯ್ತು."

"ಏನು ಹೇಳೋದು?"

ಅವನು ಬಾಯಿ ತೆರೆದ. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ.

"ನಿಮ್ಮನ್ನ ಕಂಡ್ರೆ ಇಷ್ಟ ಮೇಡಂ. ಹದಿನೆಂಟು ಮಿಲಿಮೀಟರ್ ದಿನದಿಂದ."

ಅವಳು ಅಳುತ್ತಲೇ ನಕ್ಕಳು. "ಈಗಲೂನಾ? ನಾನು ಇಷ್ಟೆಲ್ಲ ಮಾಡಿದ ಮೇಲೂ?"

"ಸಿಟ್ಟಿತ್ತು. ನಾಲ್ಕು ಬೆಂಚು ಬೆಸೆಯೋ ತನಕ ಇತ್ತು. ಐದನೇದಕ್ಕೆ ಸಿಟ್ಟು ಖಾಲಿ. ಇದು ಮಾತ್ರ ಹೋಗ್ಲಿಲ್ಲ." ಅವನು ಕೈಗವಸು ಕಳಚಿ ಮಣಿಕಟ್ಟನ್ನು ಅವಳ ಮುಂದೆ ಚಾಚಿದ. "ನಂಬಿಕೆ ಇಲ್ಲಾಂದ್ರೆ ಬೆರಳಿಟ್ಟು ನೋಡಿ, ಮೇಡಂ. ಸುಳ್ಳಾಗಿದ್ರೆ ಬಿದ್ದುಹೋಗ್ಲಿ."

ಡೈಯಿಂದ ಇನ್ನೂ ಕೆಂಪಾಗಿದ್ದ ಬೆರಳನ್ನು ಅವಳು ಅವನ ನಾಡಿಯ ಮೇಲಿಟ್ಟಳು. ಅವನ ನಾಡಿ ಓಡುತ್ತಿತ್ತು. ಅವಳದೂ ಅಷ್ಟೇ.

"ಹೋಯ್ತಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ... ಇನ್ನೂ ಜೋರಾಯ್ತು."

"ಹಾಗಾದ್ರೆ ನಿಜ ಅಂತ ಬರ್ಕೊಳ್ಳಿ."

"ಬರ್ಕೋತೀನಿ. ಆದ್ರೆ ನಮ್ಮ ಅಜ್ಜಿ ಒಪ್ಪಬೇಕು. ಅವರು ತಟ್ಟಿ ನೋಡ್ತಾರೆ."

"ತಟ್ಟಲಿ. ಕಪ್ಪು ಮಾತ್ರ ಒಡಕಿಲ್ಲದ್ದು ಕೊಡೋಕೆ ಹೇಳಿ."

ಅವಳಿಗೆ ಆಶ್ಚರ್ಯ. "ಅದು ನಿಮಗೆ ಯಾರು ಹೇಳಿದ್ರು?"

"ನೀವೇ. ಜೆಲ್ ಹಚ್ಚುವಾಗೆಲ್ಲ ಮನೆ ಕಥೆ ಹೇಳ್ತೀರಿ. ನಾನು ಕವಚದೊಳಗೆ ಕೂತು ಎಲ್ಲ ಕೇಳಿಸ್ಕೋತೀನಿ."

ಟೀ ಗಂಟೆ ಹೊಡೆಯಿತು. ಬಾಗಿಲಲ್ಲಿ ಗ್ರೈಂಡರ್ ಅಣ್ಣ, ಸ್ಟೋರ್ ಕೀಪರ್, ಅವರ ಹಿಂದೆ ಅರ್ಧ ಶೆಡ್ಡು ಬಂದು ನಿಂತಿತ್ತು. ಈ ಸಲ ಅವಳು ಯಾರ ಕಡೆಗೂ ನೋಡಲಿಲ್ಲ.

"ಮೇಡಂ, ಎಲ್ಲರೂ ನೋಡ್ತಿದಾರೆ. ಪರೀಕ್ಷೆ ಮುಗೀತಲ್ಲ... ಬೆರಳು ತೆಗೀತೀರಾ?"

"ಇರ್ರೀ," ಎಂದಳು ಅವಳು. "ಹೋದ ಸಲ ಆತುರ ಮಾಡಿ ಕೆಟ್ಟೆ. ಈ ಸಲ ನಿಧಾನವಾಗಿ ನೋಡ್ತೀನಿ."